ದುರ್ಗ ಬಿದ್ದುದು ಯಾರ ಮೇಲೆ?

ಚಿತ್ರದುರ್ಗದ ಪತನವೆಂದೊಡನೆ ಕನ್ನಡ ಓದುಗನ ಕಣ್ಣಮುಂದೆ ಬಂದು ನಿಲ್ಲುವುದು ಒಂದು ಕಿಂಡಿ, ಒಂದು ಒನಕೆ, ಒಬ್ಬ ಧೀರ ಹೆಂಗಸು. ಕಹಳೆಯವನ ಹೆಂಡತಿ ಓಬವ್ವ, ಕಿಂಡಿಯಿಂದ ನುಸುಳಿ ಬಂದ ಹೈದರನ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಬಡಿದು ಕೆಡಹಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ತೆರೆಗೆ ಬಂದ ‘ನಾಗರಹಾವು’ ಚಿತ್ರ ಅದನ್ನು ಮನೆಮನೆಗೂ ಒಯ್ದಿತು. 2021ರಿಂದ ಈಚೆಗೆ ರಾಜ್ಯ ಸರ್ಕಾರವೇ ನವೆಂಬರ್ 11ನ್ನು ಓಬವ್ವನ ಜಯಂತಿಯನ್ನಾಗಿ ಆಚರಿಸುತ್ತ ಬಂದಿದೆ. ಈ ಗೌರವ ಸಲ್ಲತಕ್ಕದ್ದೇ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಓಬವ್ವನ ಕಥೆ ಕೋಟೆ ಬಿದ್ದ ಕಥೆಯಲ್ಲ, ಕೋಟೆ ಉಳಿದ ಕಥೆ. ಉಳಿದ ದಿನ ನಮಗೆ ಬಾಯಿಪಾಠವಾಗಿದೆ. ಬಿದ್ದ ದಿನದ ಮಾತು ಬಂದಾಗ ಮಾತ್ರ ನಾವು ‘ದ್ರೋಹ’ ಎಂಬ ಒಂದೇ ಪದವನ್ನು ಉಚ್ಚರಿಸಿ, ಪುಟವನ್ನು ಮಗುಚಿ, ಮುಂದಕ್ಕೆ ಹೋಗುತ್ತೇವೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ಇಷ್ಟೇ. ಅದನ್ನು ಬರೆದ ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ, ಕಲಿಸಿದವರು ನಾವು.

1779ರಲ್ಲಿ ಚಿತ್ರದುರ್ಗದ ಕೊನೆಯ ದೊರೆ ಮದಕರಿ ನಾಯಕನು ಹೈದರನ ಸೆರೆಯಾಳಾದದ್ದು ಹೇಗೆ, ಆ ಪತನದ ಭಾರ ಯಾರ ಮೇಲೆ ಬಿದ್ದಿತು ಎಂಬ ಪ್ರಶ್ನೆಯನ್ನು ಬೆಟ್ಟದ ಮೇಲೆ ನಿಂತು ಕೇಳುವುದಕ್ಕಿಂತ ಬಯಲಿನಲ್ಲಿ, ಎಂದರೆ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ, ನಿಂತು ಕೇಳುವುದು ಉಚಿತವೆಂದು ನಮಗೆ ತೋರುತ್ತದೆ. ಕೋಟೆ ಕಲ್ಲಿನದು; ಕಲ್ಲು ತಾನಾಗಿ ಯುದ್ಧ ಮಾಡದು. ಏಳು ಸುತ್ತಿನ ಕೋಟೆಯ ತೆನೆಗಳ ಹಿಂದೆ ನಿಂತವರು, ಆ ಕೋಟೆಗೆ ಕಾಳನ್ನೂ ದನವನ್ನೂ ಒದಗಿಸಿದವರು ಸುತ್ತಣ ಬಯಲುಸೀಮೆಯವರು. ಮಳೆ ಕಡಮೆ, ಕುರುಚಲು ಕಾಡು, ನಡುನಡುವೆ ಬೋಳುಗುಡ್ಡ, ಬೇಸಿಗೆಯಲ್ಲಿ ಬತ್ತುವ ವೇದಾವತಿ, ಹಟ್ಟಿಗಳು, ಹಟ್ಟಿಯೊಳಗೆ ದೇವರ ಎತ್ತುಗಳು: ಮ್ಯಾಸಬೇಡರ ನಾಡು ಇದು. ದುರ್ಗದ ದೊರೆಮನೆಯೂ ಬೇಡರದೇ, ಕಾಮಗೇತಿ ವಂಶದ್ದು. ‘ಪಾಳೆಯ’ವೆಂದರೆ ದಂಡು ಬೀಡುಬಿಡುವ ಜಾಗ, ಪಾಳೆಯಗಾರನೆಂದರೆ ದಂಡಿನೊಡೆಯ. ಆ ಹೆಸರೇ ರಾಜ್ಯದ ಸ್ವರೂಪವನ್ನು ಹೇಳುತ್ತದೆ. ದೊರೆ ಮೊದಲು ಸೇನಾಪತಿ, ಆಮೇಲೆ ದೊರೆ. ಇಂಥ ರಾಜ್ಯದಲ್ಲಿ ಸೋಲೆಂಬುದು ಅರಮನೆಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಸೈನಿಕನು ಹೊರಟು ಬಂದ ಹಟ್ಟಿಯವರೆಗೂ ಅದು ನಡೆದುಕೊಂಡು ಹೋಗುತ್ತದೆ.

ಪತನದ ಕಥೆಯನ್ನು ಕನ್ನಡಕ್ಕೆ ಬರೆದುಕೊಟ್ಟವರೂ ಈ ಬಯಲಿನ ಹೆಸರನ್ನು ಹೊತ್ತವರೇ ಎಂಬುದು ಸಂತೋಷದ ಸಂಗತಿ. ತ. ರಾ. ಸು. ಎಂಬ ಮೂರಕ್ಷರದಲ್ಲಿನ ‘ತ’ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮ. ಕನ್ನಡದ ಮೊದಲ ಪ್ರಾಧ್ಯಾಪಕರೆಂದು ಮೈಸೂರು ವಿಶ್ವವಿದ್ಯಾನಿಲಯ ನೆನೆಯುವ ಟಿ. ಎಸ್. ವೆಂಕಣ್ಣಯ್ಯನವರ ಮನೆತನವೂ ಅದೇ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ದುರ್ಗದ ಚರಿತ್ರೆಯನ್ನು ಕಾದಂಬರಿಯಾಗಿ ಹೇಳತೊಡಗಿದ ಸುಬ್ಬರಾಯರು ‘ದುರ್ಗಾಸ್ತಮಾನ’ದಲ್ಲಿ ಅದರ ಕೊನೆಯನ್ನು ಮುಟ್ಟಿದರು. 1984ರಲ್ಲಿ ಅವರು ತೀರಿಕೊಂಡರು. ಮರುವರ್ಷ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ‘ಅಸ್ತಮಾನ’ವೆಂಬ ಪದವನ್ನು ಅವರು ಆರಿಸಿಕೊಂಡದ್ದು ಸುಮ್ಮನೆಯಲ್ಲ. ಸೂರ್ಯನು ಮುಳುಗುವುದು ಒಂದು ಗಳಿಗೆಯ ಕೆಲಸವಲ್ಲ. ಮಧ್ಯಾಹ್ನ ಕಳೆದೊಡನೆಯೇ ಅದು ಆರಂಭವಾಗಿರುತ್ತದೆ.

ದುರ್ಗದ ಮಧ್ಯಾಹ್ನ ಯಾವಾಗ ಕಳೆಯಿತು? ಇದಕ್ಕೆ ಉತ್ತರ ಬೇಕಾದರೆ ಚಳ್ಳಕೆರೆಗೆ ಸಮೀಪದ ದೊಡ್ಡೇರಿಗೆ ಹೋಗಬೇಕು. 1695ರಲ್ಲಿ ಅಲ್ಲಿ ನಡೆದ ಕಾಳಗವನ್ನು ಮರಾಠರ ಇತಿಹಾಸ ಬರೆದವರು ಕೊಂಡಾಡುತ್ತಾರೆ. ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ಔರಂಗಜೇಬನ ಸೇನಾಪತಿ, ಶಿರಾ ಸೀಮೆಯ ಅಧಿಕಾರಿ ಕಾಸಿಂ ಖಾನನು ಸಂತಾಜಿ ಘೋರ್ಪಡೆಯ ಕುದುರೆ ದಂಡಿಗೆ ಸಿಕ್ಕಿ, ದಿಕ್ಕು ತೋಚದೆ ದೊಡ್ಡೇರಿಯ ಪುಟ್ಟ ಕೋಟೆಯನ್ನು ಹೊಕ್ಕನು. ಅನ್ನವಿಲ್ಲ, ಮೇವಿಲ್ಲ. ಖಾನನು ಕೋಟೆಯೊಳಗೇ ಸತ್ತನು. ವಿಷ ಕುಡಿದು ಸತ್ತನೆಂದು ಕೆಲವರು, ಅಫೀಮು ಸಿಕ್ಕದೆ ಸತ್ತನೆಂದು ಕೆಲವರು ಹೇಳುತ್ತಾರೆ. ಉಳಿದವರು ದಂಡ ತೆತ್ತು ಪ್ರಾಣ ಉಳಿಸಿಕೊಂಡರು. ಆಗ ದುರ್ಗವನ್ನು ಆಳುತ್ತಿದ್ದವನು ಭರಮಣ್ಣ ನಾಯಕ, ಕೆರೆಗಳನ್ನೂ ಗುಡಿಗಳನ್ನೂ ಕಟ್ಟಿಸಿ ಹೆಸರಾದವನು. ಅವನು ಮರಾಠರ ಬದಿಗೆ ನಿಂತನು. ಮೊಗಲರು ಬಲವಾದಾಗ ಮೊಗಲರಿಗೆ ತಲೆಬಾಗುವುದು, ಅವರು ತತ್ತರಿಸಿದಾಗ ಮರಾಠರೊಡನೆ ಕೈಗೂಡಿಸುವುದು, ಇಬ್ಬರೂ ದಣಿದಾಗ ತನ್ನ ಕೆರೆಯ ಏರಿಯನ್ನು ಎತ್ತರಿಸಿಕೊಳ್ಳುವುದು: ಸಣ್ಣ ರಾಜ್ಯದ ರಾಜನೀತಿ ಇದು. ಇದನ್ನು ಹೇಡಿತನವೆನ್ನುವವರು ಸಣ್ಣ ರಾಜ್ಯವನ್ನು ಎಂದೂ ಆಳಿದವರಲ್ಲ. ಈ ತಕ್ಕಡಿಯಾಟಕ್ಕೆ ಒಂದು ಕಟ್ಟಳೆಯುಂಟು. ತಕ್ಕಡಿಗೆ ಎರಡು ತಟ್ಟೆ ಇರಬೇಕು. ಒಂದು ತಟ್ಟೆ ಕಳಚಿ ಬಿದ್ದರೆ ನಡುವಣ ಮುಳ್ಳಿಗೆ ಕೆಲಸವಿಲ್ಲ.

ಭರಮಣ್ಣನ ತರುವಾಯ ಬಂದವರು ದೂರದ ದೊಡ್ಡವರೊಡನೆ ಆಡಬೇಕಾದ ಆಟವನ್ನು ಹತ್ತಿರದ ಸಣ್ಣವರೊಡನೆ ಆಡಿದರು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳು ಒಂದಾಗಿ ದುರ್ಗದ ಮೇಲೆ ಬಿದ್ದವು. ಆ ಕಾಳಗದಲ್ಲಿ ದುರ್ಗದ ದೊರೆಯೇ ಮಡಿದನು. ಅವನ ಹೆಸರೂ ಮದಕರಿ ನಾಯಕನೇ. ನಾವು ಹೇಳಹೊರಟಿರುವ ಕೊನೆಯ ಮದಕರಿಯೊಡನೆ ಓದುಗರು ಅವನನ್ನು ಬೆರೆಸಿಕೊಳ್ಳಬಾರದು. ಮೊಳಕಾಲ್ಮೂರಿನ ಗಡಿಗೆ ಅಂಟಿಕೊಂಡೇ ಇರುವ ರಾಯದುರ್ಗ ಇಂದು ಆಂಧ್ರಪ್ರದೇಶಕ್ಕೆ ಸೇರಿದೆ. ಅಂದು ಅದು ದುರ್ಗದ ಹಗೆಯ ಬಾಗಿಲು. ಒಂದೇ ಬಗೆಯ ನೆಲ, ಒಂದೇ ಬಗೆಯ ಬಡತನ, ಒಂದೇ ಬಗೆಯ ಪಾಳೆಯಗಾರಿಕೆ. ಆದರೂ ಇವರು ಒಬ್ಬರನ್ನೊಬ್ಬರು ಅಳಿಸುವುದರಲ್ಲಿ ತೋರಿದ ಶ್ರದ್ಧೆಯನ್ನು ಇನ್ನಾವುದರಲ್ಲಿಯೂ ತೋರಲಿಲ್ಲ.

ಕೊನೆಯ ಮದಕರಿ 1754ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ಶ್ರೀರಂಗಪಟ್ಟಣದಲ್ಲಿ ಹೈದರನು ತಲೆಯೆತ್ತುತ್ತಿದ್ದ ಕಾಲವದು. 1762ರ ವೇಳೆಗೆ ಹೈದರನು ಶಿರಾವನ್ನು ಹಿಡಿದು, ಸುತ್ತಣ ಪಾಳೆಯಗಾರರನ್ನು ಬಗ್ಗಿಸುತ್ತ ದುರ್ಗದ ಸೀಮೆಗೂ ಕುದುರೆಗಳನ್ನು ಹರಿಸಿದನು. ನಾಯಕನು ಕಪ್ಪಕ್ಕೆ ಒಪ್ಪಬೇಕಾಯಿತು. ಹೈದರನು ದುರ್ಗದ ಸೀಮೆಯಲ್ಲಿ ಬೀಡುಬಿಟ್ಟಿದ್ದಾಗಲೇ ಅವನೆದುರಿಗೆ ಒಬ್ಬ ತರುಣನನ್ನು ತಂದು ನಿಲ್ಲಿಸಲಾಯಿತು. ಬಿದನೂರಿನ ಸಿಂಹಾಸನ ತನಗೆ ಸಲ್ಲತಕ್ಕದ್ದೆಂದು ಸಾಧಿಸುತ್ತಿದ್ದ ಚನ್ನಬಸವಯ್ಯ ಅವನು. ಅವನನ್ನು ಪರಿಚಯಿಸಿದವನು ದುರ್ಗದ ದೊರೆ. ಆ ತರುಣನ ಹಕ್ಕನ್ನು ಎತ್ತಿಹಿಡಿಯುವ ನೆವದಿಂದ ಹೈದರನು 1763ರಲ್ಲಿ ಬಿದನೂರನ್ನು ಹೊಕ್ಕು, ಅದರ ಭಂಡಾರವನ್ನು ಬಾಚಿಕೊಂಡು, ಊರಿಗೆ ಹೈದರನಗರವೆಂದು ತನ್ನ ಹೆಸರಿಟ್ಟನು. ಹಕ್ಕುದಾರನಿಗೆ ಸಿಂಹಾಸನ ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮಾಯಕೊಂಡದ ಸೇಡು ತೀರಿತೆಂದು ದುರ್ಗದಲ್ಲಿ ಅಂದು ಯಾರಾದರೂ ಸಕ್ಕರೆ ಹಂಚಿದ್ದರೆ ಅದು ಸಹಜವೇ. ನಮ್ಮ ದೃಷ್ಟಿಯಲ್ಲಿ ಮಾತ್ರ ದುರ್ಗದ ಮಧ್ಯಾಹ್ನ ಕಳೆದದ್ದು ಅಂದೇ. ಬಿದನೂರು ನಿಂತಿರುವವರೆಗೆ ಹೈದರನಿಗೆ ಪಡುವಣದಲ್ಲಿ ಒಂದು ಚಿಂತೆಯಿತ್ತು. ಅದು ಬಿದ್ದ ಮೇಲೆ ಮಲೆನಾಡಿನ ಹಣವೂ ಕರಾವಳಿಯ ಬಂದರುಗಳೂ ಅವನ ಕೈಸೇರಿದವು. ದುರ್ಗದ ನೆರೆಹೊರೆಯಲ್ಲಿ ಹಗೆಯೊಬ್ಬನು ಕಡಮೆಯಾದನು. ಅದರೊಡನೆ ಆಸರೆಯೂ ಒಂದು ಕಡಮೆಯಾಯಿತು.

ಇಷ್ಟಾದರೂ ತಕ್ಕಡಿಯ ಇನ್ನೊಂದು ತಟ್ಟೆ ಉಳಿದಿತ್ತು. ಪುಣೆಯಲ್ಲಿ ಪೇಶ್ವೆ ಮಾಧವರಾಯನಿದ್ದನು. ಹೈದರನನ್ನು ಮೂರು ಮೂರು ಸಲ ಬಡಿದು ಹಿಮ್ಮೆಟ್ಟಿಸಿದ ಬಲಶಾಲಿ ಅವನು. 1770ರಲ್ಲಿ ಅವನ ಪಡೆ ನಿಜಗಲ್ಲಿನ ದುರ್ಗವನ್ನು ಮುತ್ತಿ, ದಿನ ಕಳೆದರೂ ಅದು ದಕ್ಕದೆ ಹೋದಾಗ, ಗೋಡೆಯೇರಿ ಒಳಹೊಕ್ಕವರು ಮದಕರಿ ನಾಯಕನ ಬೇಡಪಡೆಯವರು. ಈ ಸಾಹಸವನ್ನು ದುರ್ಗದವರು ಹೆಮ್ಮೆಯಿಂದ ನೆನೆಯುತ್ತಾರೆ. ಹೈದರನೂ ಅದನ್ನು ಮರೆಯಲಿಲ್ಲ.

ಎರಡೇ ವರ್ಷಗಳಲ್ಲಿ, 1772ರಲ್ಲಿ, ಮಾಧವರಾಯನು ತೀರಿಕೊಂಡನು. 1773ರಲ್ಲಿ ಅವನ ತಮ್ಮ ನಾರಾಯಣರಾಯನ ಕೊಲೆಯಾಯಿತು. ಪುಣೆಯ ಮನೆಯೊಳಗೇ ಬೆಂಕಿ ಹೊತ್ತಿತು. ಇಂಗ್ಲಿಷರು ಒಂದು ಪಕ್ಷ ಹಿಡಿದರು. 1777ರ ಸುಮಾರಿಗೆ ಮರಾಠರೂ ನಿಜಾಮನೂ ಕೂಡಿ ಹೈದರನ ಮೇಲೆ ಬರುತ್ತಾರೆಂಬ ಸುದ್ದಿ ದುರ್ಗಕ್ಕೆ ಮುಟ್ಟಿತು. ಒಪ್ಪಂದದಂತೆ ಹೈದರನಿಗೆ ಕಳುಹಿಸಬೇಕಾಗಿದ್ದ ಪಡೆಯನ್ನು ಮದಕರಿ ಕಳುಹಿಸದೆ ತಡೆಹಿಡಿದನು. ಅವನ ಎಣಿಕೆ ಭರಮಣ್ಣನದೇ: ಮೇಲಿನವನು ತತ್ತರಿಸುವ ಹೊತ್ತು ಬಂದಿದೆ, ಈಗ ಬದಿ ಬದಲಿಸಬೇಕು. ಲೆಕ್ಕದ ಸೂತ್ರ ಸರಿಯಾಗಿಯೇ ಇತ್ತು. ಒಳಗೆ ತುಂಬಿದ ಅಂಕಿ ಹಳೆಯದು. 1777ರ ಪುಣೆ 1770ರ ಪುಣೆಯಾಗಿರಲಿಲ್ಲ. ಹರಿಪಂತ ಫಡಕೆಯ ನೇತೃತ್ವದಲ್ಲಿ ದಂಡು ಬಂದಿತೇನೋ ನಿಜ. ಅದರ ಸರದಾರನೊಬ್ಬನನ್ನು ಹೈದರನು ಹಣದಿಂದ ಕೊಂಡನು. ಸಂಶಯ ಹುಟ್ಟಿದ ಸೈನ್ಯ ತುಂಗಭದ್ರೆಯಾಚೆಗೆ ಸರಿಯಿತು. ಬೆಟ್ಟದ ಮೇಲೆ ನಿಂತು ಬಡಗಣ ದಿಕ್ಕಿನ ಧೂಳನ್ನು ಎದುರುನೋಡುತ್ತಿದ್ದ ದೊರೆಗೆ ಕಂಡದ್ದು ತೆಂಕಣದಿಂದ ಎದ್ದ ಧೂಳು.

ಮುಂದಿನದನ್ನು ಬೇಗನೆ ಹೇಳಬಹುದು. ಮೊದಲ ಮುತ್ತಿಗೆ ತಿಂಗಳುಗಟ್ಟಲೆ ನಡೆದು, ಕೋಟೆ ಜಗ್ಗದೆ, ಭಾರಿ ದಂಡ ತೆರುವ ಒಪ್ಪಂದದಲ್ಲಿ ಮುಗಿಯಿತು. ಮರಾಠರ ಕಾಟ ತೀರಿದೊಡನೆ ಹೈದರನು ಮರಳಿ ಬಂದನು. ಈ ಸಲ ಅವನಿಗೆ ದಂಡ ಬೇಕಾಗಿರಲಿಲ್ಲ, ದುರ್ಗವೇ ಬೇಕಾಗಿತ್ತು. ಬೇಡರು ಪ್ರತಿ ಸೋಮವಾರ ದೇವಿಗೆ ಪೂಜೆ ಸಲ್ಲಿಸಿ, ಕೊಂಬು ಊದಿ, ಹೊರಬಿದ್ದು ಶತ್ರುಗಳ ತಲೆಗಳನ್ನು ತರುತ್ತಿದ್ದರೆಂದೂ, ಕೋಟೆ ಬಿದ್ದಾಗ ಗುಡಿಯ ಮುಂದೆ ಎರಡು ಸಾವಿರ ತಲೆಗಳ ರಾಶಿಯಿತ್ತೆಂದೂ ಕರ್ನಲ್ ವಿಲ್ಕ್ಸ್ ಬರೆದಿದ್ದಾನೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಈ ಇಂಗ್ಲಿಷ್ ಅಧಿಕಾರಿಯ ಗ್ರಂಥ 1810ರಿಂದ 1817ರವರೆಗೆ ಸಂಪುಟಗಳಾಗಿ ಹೊರಬಂತು. ಗೆದ್ದವರ ಬಾಯಿಂದ ಕೇಳಿ ಬರೆದ ಲೆಕ್ಕವಿದು. ತಲೆಗಳನ್ನು ಎಣಿಸಿದವರು ಯಾರೆಂದು ಕೇಳುವ ಹಕ್ಕು ನಮಗಿದೆ. ಆದರೆ ಎರಡು ಮುತ್ತಿಗೆಗಳನ್ನು ತಡೆದ ಜನ ಪ್ರಾಣದ ಹಂಗು ತೊರೆದು ಕಾದಿದರೆಂಬುದರಲ್ಲಿ ಸಂದೇಹವಿಲ್ಲ.

1779ರಲ್ಲಿ ಕೋಟೆ ಬಿತ್ತು. ದೊರೆಯ ಸೇವೆಯಲ್ಲಿದ್ದ ಮುಸಲ್ಮಾನ ಪಡೆ ಹೈದರನಿಗೆ ಒಲಿದದ್ದೇ ಕಾರಣವೆಂದು ವಿಲ್ಕ್ಸನ ಹೇಳಿಕೆ; ಅಲ್ಲಿಂದ ಈಚಿನವರು ಅದನ್ನೇ ನಕಲು ಮಾಡುತ್ತ ಬಂದಿದ್ದಾರೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಈ ಒಂದು ವಾಕ್ಯವನ್ನು ಹಿಡಿದು ದುರ್ಗದ ಪತನವನ್ನು ಮತಮತಗಳ ಯುದ್ಧವೆಂದು ಚಿತ್ರಿಸುವ ಚಪಲ ಆಗಾಗ ಕಾಣಿಸಿಕೊಳ್ಳುತ್ತದೆ. ಬೇಡರ ದೊರೆಯ ಕೋಟೆಯನ್ನು ಅಷ್ಟು ವರ್ಷ ಕಾಯ್ದವರಲ್ಲಿ ಮುಸಲ್ಮಾನರೂ ಇದ್ದರೆಂಬುದು ಅದೇ ವಾಕ್ಯದಿಂದಲೇ ತಿಳಿಯುವುದಿಲ್ಲವೆ? ಮಾಯಕೊಂಡದಲ್ಲಿ ದುರ್ಗದ ಪರವಾಗಿ ಬಂದವನು ಚಂದಾ ಸಾಹೇಬ. ದುರ್ಗದ ದೊರೆಯನ್ನು ಕೊಂದ ಕೂಟದಲ್ಲಿದ್ದವರು ಹರಪನಹಳ್ಳಿ ಬಿದನೂರುಗಳ ಹಿಂದೂ ಅರಸರು. ಹಣ ತೆಗೆದುಕೊಂಡು ಹಿಂದಕ್ಕೆ ಸರಿದ ಮರಾಠ ಸರದಾರನು ಯಾವ ಮತದವನು? ದುರ್ಗ ಬಿದ್ದುದನ್ನು ಕಂಡು ನೆಮ್ಮದಿಯ ಉಸಿರು ಬಿಟ್ಟಿರಬಹುದಾದ ರಾಯದುರ್ಗ ಹರಪನಹಳ್ಳಿಗಳನ್ನೂ ಕೆಲವೇ ವರ್ಷಗಳಲ್ಲಿ ಟಿಪ್ಪು ನುಂಗಿದನು. ದ್ರೋಹ ನಡೆಯಲಿಲ್ಲವೆಂದಲ್ಲ. ದ್ರೋಹವೆಂಬುದು ಮುಳುಗುವ ಹಡಗಿನ ಇಲಿ. ಹಡಗಿಗೆ ತೂತು ಬಿದ್ದುದು ಇಲಿಯಿಂದಲ್ಲ. ಎರಡು ತಟ್ಟೆಗಳಲ್ಲಿ ಒಂದು ಕಳಚಿದಾಗಲೇ, ಹೊರಗಿನಿಂದ ಇನ್ನಾರೂ ಬರುವುದಿಲ್ಲವೆಂಬ ಅರಿವು ಕೋಟೆಯೊಳಗಿನ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಹುಟ್ಟಿರಬೇಕು.

ದುರ್ಗದ ಈ ವೃತ್ತಾಂತವನ್ನು ಓದುವಾಗಲೆಲ್ಲ ನಮಗೆ ಭೂಗೋಳದ ಇನ್ನೊಂದು ತುದಿಯ ದೊರೆಯೊಬ್ಬನ ನೆನಪಾಗುತ್ತದೆ. ದೊರೆಯೆಂದೆವು; ಅವನ ಬಿರುದು ಅಧ್ಯಕ್ಷ. ದಕ್ಷಿಣ ಅಮೆರಿಕದ ನಡುವೆ, ಕಡಲಿನ ಕರೆಯಿಲ್ಲದೆ, ಬ್ರೆಜಿಲ್ ಮತ್ತು ಅರ್ಜೆಂಟೀನಾಗಳೆಂಬ ಎರಡು ದೈತ್ಯರ ನಡುವೆ ಸಿಲುಕಿದ ಪುಟ್ಟ ಗಣರಾಜ್ಯ ಪರಾಗ್ವೆ. 1862ರಲ್ಲಿ ತಂದೆ ತೀರಿಕೊಂಡ ಮೇಲೆ ಫ್ರಾನ್ಸಿಸ್ಕೊ ಸೊಲಾನೊ ಲೋಪೆಸ್ ಅಲ್ಲಿ ಅಧ್ಯಕ್ಷನಾದನು. ಹದಿಹರೆಯದಲ್ಲಿಯೇ ತಂದೆಯಿಂದ ಸೇನಾಧಿಪತ್ಯವನ್ನು ಪಡೆದವನು. ಗಣರಾಜ್ಯದ ಹೆಸರಿದ್ದರೂ ಅದು ಒಂದು ಬಗೆಯ ಪಾಳೆಯವೇ. ಅವನ ರಾಜನೀತಿಯೂ ತಕ್ಕಡಿಯದು. ಉರುಗ್ವೆಯ ಒಳಜಗಳದಲ್ಲಿ ಬ್ರೆಜಿಲ್ ಕೈಹಾಕಿದರೆ ನದೀಸೀಮೆಯ ಸಮತೂಕ ಕೆಡುವುದೆಂದು ಎಚ್ಚರಿಸಿದನು, ಬ್ರೆಜಿಲ್ ಕೇಳಲಿಲ್ಲ, 1864ರ ಕೊನೆಗೆ ಅದರ ಮಾತೊ ಗ್ರೋಸೊ ಪ್ರಾಂತದ ಮೇಲೆ ದಂಡೆತ್ತಿದನು. ತನ್ನ ಸೈನ್ಯಕ್ಕೆ ದಾರಿ ಕೊಡಲೊಲ್ಲದ ಅರ್ಜೆಂಟೀನಾದ ಮೇಲೂ ಯುದ್ಧ ಸಾರಿದನು. ಅರ್ಜೆಂಟೀನಾದೊಳಗಿನ ಪ್ರಬಲ ನಾಯಕ ಉರ್ಕೀಸಾ ತನ್ನ ಸರ್ಕಾರದ ವಿರುದ್ಧ ತಿರುಗಿಬಿದ್ದು ತನ್ನೊಡನೆ ಸೇರುವನೆಂದು ಅವನ ನೆಚ್ಚಿಕೆ. ಉರ್ಕೀಸಾ ಬರಲಿಲ್ಲ, ಬ್ರೆಜಿಲಿನ ಸೈನ್ಯಕ್ಕೆ ಕುದುರೆಗಳನ್ನು ಮಾರಿ ಹಣ ಮಾಡಿಕೊಂಡನು. 1865ರ ಮೇ 1ರಂದು ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆಗಳು ಮೂರೂ ಅವನ ವಿರುದ್ಧ ಒಪ್ಪಂದ ಮಾಡಿಕೊಂಡವು. ಯಾವ ಉರುಗ್ವೆಗಾಗಿ ಕತ್ತಿ ಹಿರಿದನೋ ಆ ಉರುಗ್ವೆಯೂ ಎದುರು ಪಕ್ಷದಲ್ಲಿ!

ಅವನಿಗೂ ಒಂದು ದುರ್ಗವಿತ್ತು. ಪರಾಗ್ವೆ ನದಿಯ ತಿರುವಿನಲ್ಲಿದ್ದ ಉಮಾಯಿತಾ ಕೋಟೆ ಮೂರು ರಾಜ್ಯಗಳ ಸೈನ್ಯವನ್ನು ಎರಡು ವರ್ಷಕ್ಕೂ ಮಿಕ್ಕಿ ತಡೆದು ನಿಲ್ಲಿಸಿತು. 1868ರಲ್ಲಿ ಅದು ಬಿದ್ದಿತು. ಸೋಲು ಹತ್ತಿರವಾದಂತೆ ಲೋಪೆಸ್‌ಗೆ ಸುತ್ತಲೂ ದ್ರೋಹಿಗಳೇ ಕಾಣತೊಡಗಿದರು. ಮಂತ್ರಿಗಳು, ಒಡಹುಟ್ಟಿದವರು ಎನ್ನದೆ ಕೊಲ್ಲಿಸಿದನು. ರಾಜಧಾನಿ ಹೋದ ಮೇಲೂ ಶರಣಾಗದೆ ಕಾಡುಮೇಡುಗಳಲ್ಲಿ ಹಿಮ್ಮೆಟ್ಟುತ್ತ ಹೋಗಿ, 1870ರ ಮಾರ್ಚ್ 1ರಂದು ಸೆರ್ರೊ ಕೊರಾ ಎಂಬಲ್ಲಿ ಹತನಾದನು. ಸಾಯುವಾಗ ಅವನು ಆಡಿದ ಮಾತು ‘ನಾಡಿಗಾಗಿ ಸಾಯುತ್ತೇನೆ’ ಎಂದೋ ‘ನಾಡಿನೊಡನೆ ಸಾಯುತ್ತೇನೆ’ ಎಂದೋ ಎಂಬುದು ಅಲ್ಲಿ ಇನ್ನೂ ಮುಗಿಯದ ವಿವಾದ. ಒಂದು ವಿಭಕ್ತಿಯ ಅಂತರ. ಕನ್ನಡ ಮೇಷ್ಟರಾದ ನಮಗೆ ಇಂಥ ಅಂತರಗಳ ಮೇಲೆ ಮಮತೆ ಹೆಚ್ಚು. ಆದರೆ ಇಲ್ಲಿ ಒಂದು ದೇಶದ ಬಾಳೇ ಆ ವಿಭಕ್ತಿಯಲ್ಲಿ ತೂಗಾಡುತ್ತಿದೆ. ಏಕೆಂದರೆ ಯುದ್ಧ ಮುಗಿದಾಗ ಪರಾಗ್ವೆಯ ಗಂಡಸರಲ್ಲಿ ಬಹುಪಾಲು ಉಳಿದಿರಲಿಲ್ಲ. 1869ರ ಆಗಸ್ಟ್ 16ರಂದು ಅಕೋಸ್ತಾ ನ್ಯೂ ಎಂಬಲ್ಲಿ ಬ್ರೆಜಿಲಿನ ಪಡೆಗೆ ಎದುರಾಗಿ ನಿಂತ ಪರಾಗ್ವೆಯ ಸೈನ್ಯದಲ್ಲಿ ಹೆಚ್ಚಿನವರು ಹುಡುಗರು. ದೂರದಿಂದ ಗಂಡಸರಂತೆ ಕಾಣಲೆಂದು ಅವರಿಗೆ ಹುಸಿಗಡ್ಡ ಅಂಟಿಸಿದ್ದರೆಂದು ಹೇಳುತ್ತಾರೆ.

ಲೋಪೆಸ್‌ನನ್ನು ಅವನ ನಾಡು ಮೊದಲು ದೇಶದ್ರೋಹಿಯೆಂದು ಶಪಿಸಿತು. 1936ರಲ್ಲಿ ಅದೇ ನಾಡು ಅವನ ಅವಶೇಷಗಳನ್ನು ತಂದು ವೀರರ ಸಮಾಧಿಮಂದಿರದಲ್ಲಿರಿಸಿತು. ಅವನು ಸತ್ತ ದಿನವೀಗ ಅಲ್ಲಿ ವೀರರ ದಿನ. ಕುದುರೆಯ ಮೇಲೆ ಕುಳಿತ ಕಂಚಿನ ನಾಯಕರು ಎಲ್ಲ ನಾಡುಗಳಲ್ಲಿಯೂ ಒಂದೇ ಬಗೆಯವರು. ಆದರೆ ಪರಾಗ್ವೆಯವರು ಇನ್ನೊಂದನ್ನೂ ಮಾಡಿದ್ದಾರೆ, ಅದಕ್ಕಾಗಿ ಅವರನ್ನು ಮೆಚ್ಚಬೇಕು. ಆಗಸ್ಟ್ 16ನ್ನು ಅವರು ಮಕ್ಕಳ ದಿನವನ್ನಾಗಿ ಆಚರಿಸುತ್ತಾರೆ. ದೊರೆಗೊಂದು ದಿನ, ದೊರೆಯ ಸೋಲನ್ನು ಹೊತ್ತ ಹುಡುಗರಿಗೊಂದು ದಿನ.

ನಮ್ಮ ದುರ್ಗದ ಹುಡುಗರ ಸಂಗತಿಯೇನು? ಮದಕರಿ ಲೋಪೆಸ್‌ನಂಥ ಕ್ರೂರಿಯೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಸೋಲಿನ ಮುಂದೆ ತನ್ನವರನ್ನೇ ಕೊಲ್ಲಿಸಿದ ದೊರೆ ಅವನಲ್ಲ. ಹೋಲಿಕೆ ಇರುವುದು ದೊರೆಗಳ ಗುಣದಲ್ಲಲ್ಲ, ಪತನದ ಭಾರ ಇಳಿದ ಜಾಗದಲ್ಲಿ. ಕೋಟೆ ಬಿದ್ದ ಮೇಲೆ ಮದಕರಿ ನಾಯಕನನ್ನೂ ಅವನ ಮನೆಯವರನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಇಷ್ಟನ್ನು ಎಲ್ಲರೂ ಬಲ್ಲರು. ಅದೇ ವಿಲ್ಕ್ಸ್ ಮುಂದಿನ ಒಂದೆರಡು ವಾಕ್ಯಗಳಲ್ಲಿ ಬರೆಯುವುದು ಇದು: ಬೇಡರ ಬಲವನ್ನು ಬೇರುಸಹಿತ ಕೀಳಬೇಕೆಂದು ಹೈದರನು 20,000 ಜನರನ್ನು ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪವನ್ನು ತುಂಬಲು ಕೊಂಡೊಯ್ದನು, ಅವರಲ್ಲಿ ವಯಸ್ಸು ಹೊಂದುವ ಹುಡುಗರನ್ನೆಲ್ಲ ಆಯ್ದು, ಇಸ್ಲಾಮಿಗೆ ಮತಾಂತರಿಸಿ, ಚೇಲ ಎಂಬ ಹೆಸರಿನ ಪಡೆಗಳನ್ನು ಕಟ್ಟಿದನು. ಚೇಲನೆಂದರೆ ಶಿಷ್ಯ. ಗುರುವನ್ನು ತಾವು ಆರಿಸಿಕೊಳ್ಳದ ಶಿಷ್ಯರು ಇವರು.

20,000! ಆ ಕಾಲದ ಬಯಲುಸೀಮೆಯಲ್ಲಿ ಈ ಸಂಖ್ಯೆಗೆ ಎಷ್ಟು ಹಟ್ಟಿಗಳು ಬರಿದಾಗಬೇಕು! ಎತ್ತುಗಳನ್ನು ಕಾಯುವವರಿಲ್ಲದ ಗೂಡು, ಬಿತ್ತುವವರಿಲ್ಲದ ಹೊಲ, ಏರಿ ಒಡೆದರೆ ಮಣ್ಣು ಹಾಕುವವರಿಲ್ಲದ ಕೆರೆ. ಕಾವೇರಿಯ ನಡುಗಡ್ಡೆಯಲ್ಲಿ ನೀರಿಗೆ ಬರವಿಲ್ಲ. ಆದರೂ ಸಜ್ಜೆ ನವಣೆಯ ಸೀಮೆಯಲ್ಲಿ ಹುಟ್ಟಿದವನಿಗೆ ಅದು ಪರದೇಶವೇ. ಈ ಹುಡುಗರಲ್ಲಿ ಒಬ್ಬನ ಹೆಸರೂ ನಮ್ಮ ಪಠ್ಯಗಳಲ್ಲಿಲ್ಲ, ಒಂದು ನಾಟಕದಲ್ಲಿಲ್ಲ, ಒಂದು ವೃತ್ತದಲ್ಲಿ ಅವರ ಕಲ್ಲಿಲ್ಲ. ಎರಡು ಸಾವಿರ ತಲೆಗಳ ರಾಶಿಯನ್ನು ವಿವರವಾಗಿ ಬಣ್ಣಿಸುವವರು ಇಪ್ಪತ್ತು ಸಾವಿರ ಬದುಕಿದವರ ನಡಿಗೆಯನ್ನು ಒಂದು ಅಂಕಿಯಲ್ಲಿ ಮುಗಿಸುತ್ತಾರೆ.

ಹಟ್ಟಿಯ ಹಾಡುಗಾರರು ಈ ವಿಷಯದಲ್ಲಿ ನಮಗಿಂತ ಜಾಣರೆಂದು ಕೆಲವೊಮ್ಮೆ ಅನ್ನಿಸುವುದುಂಟು. ಮ್ಯಾಸಬೇಡರ ದೊಡ್ಡ ಕಾವ್ಯಗಳ ನಾಯಕರು ಗಾದ್ರಿ ಪಾಲನಾಯಕ, ಜಗಲೂರು ಪಾಪನಾಯಕರಂಥವರು. ಅಡವಿಯವರು, ದನಕರುಗಳೊಡನೆ ಬಾಳಿದವರು. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿಯ ಬಾಯಲ್ಲಿಯೂ ಸಾವಿರ ಸಾವಿರ ಪದಗಳು ಹರಿದದ್ದು ಹಟ್ಟಿಯ ಬದುಕಿನ ಸುತ್ತಲೇ. ಕೋಟೆಯ ಕಥೆಯನ್ನು ಕೋಟೆಯವರಿಗೆ ಬಿಟ್ಟು, ಕೋಟೆ ಬಿದ್ದ ಮೇಲೂ ಉಳಿಯತಕ್ಕದ್ದು ಯಾವುದೋ ಅದನ್ನು ಇವರು ಹಾಡಿಕೊಂಡರು. ಇಂಥ ಹಾಡುಗಾರರು ವರ್ಷವರ್ಷವೂ ಕಡಮೆಯಾಗುತ್ತಿದ್ದಾರೆ. ಡಾ. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗಳನ್ನು ಸುತ್ತಿ ಸಂಗ್ರಹಿಸಿದ್ದು ಅಮೂಲ್ಯವಾದದ್ದು; ಆ ಸಂಗ್ರಹಗಳನ್ನು ‘ದುರ್ಗಾಸ್ತಮಾನ’ದ ಪಕ್ಕದಲ್ಲಿಟ್ಟು ಓದಿಸುವ ಕನ್ನಡ ತರಗತಿಗಳು ಹೆಚ್ಚಬೇಕು. ಈ ಎರಡು ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವ ಹಟ್ಟಿಯ ಮಕ್ಕಳೇ ತಮ್ಮ ಅಜ್ಜಿಯರನ್ನು ಕೂರಿಸಿಕೊಂಡು, ಯಾವ ಹಟ್ಟಿ ಎಲ್ಲಿಂದ ಎದ್ದು ಎಲ್ಲಿಗೆ ಬಂತು, ಯಾವ ಮನೆತನ ಯಾವ ಗಲಭೆಯಲ್ಲಿ ಊರು ಬಿಟ್ಟಿತು ಎಂದು ಕೇಳಿ ಬರೆದುಕೊಳ್ಳಲಿ. ದುರ್ಗದ ಚರಿತ್ರೆಗೆ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಜೀವಮಾನ ಸವೆಸಿದರು. ಬಯಲಿನ ಚರಿತ್ರೆಗೆ ಅಂಥ ದುಡಿಮೆ ಇನ್ನು ಸಲ್ಲಬೇಕಾಗಿದೆ.

ಬರಿದಾದ ದುರ್ಗಕ್ಕೆ ಹೈದರನು ನೇಮಿಸಿದ ಅಧಿಕಾರಿ ಯಾರೆಂಬುದನ್ನು ಹೇಳಿಬಿಡುತ್ತೇವೆ. ಅವನೂ ಒಬ್ಬ ಚೇಲನೇ. ಮಲಬಾರಿನ ದಂಡಯಾತ್ರೆಯಲ್ಲಿ ಸೆರೆಸಿಕ್ಕ ನಾಯರ್ ಹುಡುಗನೊಬ್ಬ, ಮತಾಂತರಗೊಂಡು ಶೇಖ್ ಅಯಾಜನೆಂಬ ಹೆಸರು ಪಡೆದು, ಹೈದರನ ಕಣ್ಮಣಿಯಾಗಿ ಬೆಳೆದಿದ್ದನು. ದುರ್ಗದ ಅಧಿಕಾರವನ್ನು ಕೊಟ್ಟಾಗ ಅವನು ಹಿಂಜರಿದನಂತೆ: ತನಗೆ ಓದು ಬರಹ ಬಾರದು, ಇಷ್ಟು ದೊಡ್ಡ ಸೀಮೆಯ ಲೆಕ್ಕಪತ್ರ ನೋಡುವುದು ಹೇಗೆ? ಬಲಗೈಯ ಹತ್ತಿರ ಒಂದು ಚಾಟಿ ಇಟ್ಟುಕೋ, ಅದು ಲೇಖನಿ ಮಸಿಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಓದು ಬರಹವಿಲ್ಲದೆಯೇ ನಾನು ಇಷ್ಟು ದೊಡ್ಡವನಾಗಲಿಲ್ಲವೆ ಎಂಬರ್ಥದ ಮಾತನ್ನು ಹೇಳಿ ಹೈದರನು ಅವನನ್ನು ಕಳುಹಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ. ದುರ್ಗದಿಂದ ಅಯಾಜನನ್ನು ಬಿದನೂರಿಗೆ ಬಡ್ತಿ ಕೊಟ್ಟು ಕಳುಹಿಸಲಾಯಿತು. 1782ರ ಡಿಸೆಂಬರಿನಲ್ಲಿ ಹೈದರನು ಸತ್ತನು. ಟಿಪ್ಪುವಿನಿಂದ ತನಗೆ ಉಳಿಗಾಲವಿಲ್ಲವೆಂದು ಬಗೆದ ಅಯಾಜನು 1783ರ ಮೊದಲಲ್ಲಿ, ಅಂದು ದುರ್ಗದ ದೊರೆ ಹೈದರನಿಗೆ ದಾರಿ ತೋರಿಸಿದ್ದ ಆ ಬಿದನೂರನ್ನು, ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನ ಕೈಗೆ ಒಪ್ಪಿಸಿ ಹೊರಟುಹೋದನು.